ಲೆಸ್ಟರ್ ಪ್ಯಾಟ್ರಿಕ್

ಕರ್ಟಿಸ್ ಲೆಸ್ಟರ್ ಪ್ಯಾಟ್ರಿಕ್ (1883 – ಜೂನ್ 1, 1960) ಅವರು ಕೆನಡಾ ದೇಶದ ಪ್ರಸಿದ್ಧ ಐಸ್ ಹಾಕಿ ಆಟಗಾರ, ತರಬೇತುದಾರ ಹಾಗೂ ತಂಡಗಳ ವ್ಯವಸ್ಥಾಪಕರು. ರಕ್ಷಣಾ ಆಟಗಾರರಾಗಿ ವೃತ್ತಿಜೀವನವನ್ನು ಆರಂಭಿಸಿದ ಅವರು, ತಮ್ಮ ಸೋದರ ಫ್ರಾಂಕ್ ಪ್ಯಾಟ್ರಿಕ್ ಅವರೊಡನೆ ಸೇರಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಷನ್ ಎಂಬ ಲೀಗ್ ಅನ್ನು ಸ್ಥಾಪಿಸಿದರು. 1926ರಿಂದ ನ್ಯೂಯಾರ್ಕ್ ರೇಂಜರ್ಸ್ ತಂಡದ ತರಬೇತುದಾರರಾಗಿ ಆ ತಂಡಕ್ಕೆ 1928 ಮತ್ತು 1933ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟರು. ಪಕ್ ಅನ್ನು ತಡೆಯುವುದಷ್ಟೇ ತನ್ನ ಕೆಲಸವೆಂದು ತಿಳಿದಿದ್ದ ರಕ್ಷಣಾ ಆಟಗಾರನನ್ನು ದಾಳಿಯಲ್ಲೂ ಪಾಲುದಾರನನ್ನಾಗಿ ಮಾಡಿದವರಲ್ಲಿ ಅವರು ಮೊದಲಿಗರೆಂದು ಪರಿಗಣಿಸಲಾಗುತ್ತದೆ. ಇಂದಿನ ಐಸ್ ಹಾಕಿಯ ಅನೇಕ ನಿಯಮಗಳು ಪ್ಯಾಟ್ರಿಕ್ ಸೋದರರ ಲೀಗ್‌ನಲ್ಲಿ ರೂಪುಗೊಂಡವು. ತಲೆಗೂದಲು ಬೇಗ ನೆರೆತಿದ್ದುದರಿಂದಲೂ ಆಟದ ತಂತ್ರಗಳಲ್ಲಿ ಅವರಿಗಿದ್ದ ಚಾಣಾಕ್ಷತನದಿಂದಲೂ ಕ್ರೀಡಾ ಪತ್ರಕರ್ತರು ಅವರನ್ನು ಬೆಳ್ಳಿ ನರಿ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು.

ಆಟದ ಹಿನ್ನೆಲೆ

ಕರ್ನಾಟಕದಲ್ಲಿ ಹಾಕಿ ಎಂದೊಡನೆ ನೆನಪಾಗುವುದು ಮೈದಾನದ ಹಾಕಿ. ಕೊಡಗು, ಬೆಂಗಳೂರು, ಕೋಲಾರದ ಚಿನ್ನದ ಗಣಿ ಪ್ರದೇಶ ಮೊದಲಾದ ಕಡೆಗಳಲ್ಲಿ ಬೇರೂರಿದ ಆಟ ಅದು. ಐಸ್ ಹಾಕಿಯು ಅದರ ಸಂಬಂಧಿಯಾದರೂ ಬೇರೆಯೇ ಆಟ. ಇದನ್ನು ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣದಲ್ಲಿ ಆಡುತ್ತಾರೆ. ಈ ಅಂಗಣಕ್ಕೆ ರಿಂಕ್ ಎಂದು ಹೆಸರು. ಆಟಗಾರರು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ ಜಾರುತ್ತಾ ಚಲಿಸುತ್ತಾರೆ. ಚೆಂಡಿನ ಬದಲು ಒಂದು ಅಂಗುಲ ದಪ್ಪ, ಮೂರು ಅಂಗುಲ ವ್ಯಾಸದ ಗಟ್ಟಿ ರಬ್ಬರ್ ಬಿಲ್ಲೆಯನ್ನು ಬಳಸುತ್ತಾರೆ. ಇದಕ್ಕೆ ಪಕ್ ಎನ್ನುತ್ತಾರೆ. ಇಂದು ಪ್ರತಿ ತಂಡದಲ್ಲಿ ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು ಮತ್ತು ಮೂವರು ಮುನ್ನಡೆ ಆಟಗಾರರು ಒಟ್ಟಿಗೆ ಅಂಗಣದಲ್ಲಿರುತ್ತಾರೆ. ಪ್ಯಾಟ್ರಿಕ್ ಅವರು ಆಡಲು ತೊಡಗಿದ ಕಾಲದಲ್ಲಿ ರೋವರ್ ಎಂಬ ಏಳನೆಯ ಆಟಗಾರನೂ ಇರುತ್ತಿದ್ದನು.

ಅಂದಿನ ನಿಯಮದಂತೆ ಪಕ್ ಅನ್ನು ಮುಂದೆ ನಿಂತಿರುವ ಜೊತೆಗಾರನಿಗೆ ದಾಟಿಸುವಂತಿರಲಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ದಾಟಿಸಬಹುದಾಗಿತ್ತು. ಗೋಲ್‌ಕೀಪರ್ ಮಂಜಿನ ಮೇಲೆ ಬಿದ್ದು ಪಕ್ ತಡೆಯುವಂತಿರಲಿಲ್ಲ. ರಕ್ಷಣಾ ಆಟಗಾರರಿಬ್ಬರೂ ಅಕ್ಕಪಕ್ಕದಲ್ಲಿ ನಿಲ್ಲದೆ ಒಬ್ಬರ ಮುಂದೆ ಒಬ್ಬರು ನಿಲ್ಲುತ್ತಿದ್ದರು. ಹಿಂದಿನವನನ್ನು ಪಾಯಿಂಟ್ ಎಂದೂ ಮುಂದಿನವನನ್ನು ಕವರ್ ಪಾಯಿಂಟ್ ಎಂದೂ ಕರೆಯುತ್ತಿದ್ದರು. ಪಕ್ ತಮ್ಮ ಕೈಗೆ ಸಿಕ್ಕಿದರೆ ಅದನ್ನು ಎತ್ತಿ ಎದುರಾಳಿಯ ಭಾಗಕ್ಕೆ ಹೊಡೆದುಬಿಡುವುದು ಅವರ ಕರ್ತವ್ಯವಾಗಿತ್ತು.

ಆಗಿನ ಅತ್ಯುನ್ನತ ಪ್ರಶಸ್ತಿ ಸ್ಟ್ಯಾನ್ಲಿ ಕಪ್. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ಅವರು 1892ರಲ್ಲಿ ಇದನ್ನು ದಾನವಾಗಿ ನೀಡಿದರು. ಮೊದಲ ವರ್ಷಗಳಲ್ಲಿ ಕಪ್ ಯಾವುದೇ ಒಂದು ಲೀಗ್‌ನ ಸ್ವತ್ತಾಗಿರಲಿಲ್ಲ. ಅದನ್ನು ಹೊಂದಿರುವ ತಂಡಕ್ಕೆ ದೇಶದ ಯಾವ ಭಾಗದ ತಂಡವಾದರೂ ಸವಾಲು ಹಾಕಬಹುದಾಗಿತ್ತು.

ಜನನ ಮತ್ತು ಬಾಲ್ಯ

ಲೆಸ್ಟರ್ ಪ್ಯಾಟ್ರಿಕ್ ಅವರು 1883ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಕ್ವಿಬೆಕ್ ಪ್ರಾಂತ್ಯದ ಡ್ರಮಂಡ್‌ವಿಲ್ ಎಂಬಲ್ಲಿ ಜನಿಸಿದರು. ತಂದೆ ಜೋಸೆಫ್ ಪ್ಯಾಟ್ರಿಕ್, ತಾಯಿ ಗ್ರೇಸ್. ಐರಿಷ್ ಮೂಲದ ಈ ಕುಟುಂಬ ಮರದ ವ್ಯಾಪಾರದಿಂದ ಏಳಿಗೆ ಹೊಂದಿತು. 1885ರ ಡಿಸೆಂಬರ್‌ನಲ್ಲಿ ಜನಿಸಿದ ತಮ್ಮ ಫ್ರಾಂಕ್ ಅವರು ಕೊನೆಯವರೆಗೂ ಲೆಸ್ಟರ್ ಅವರ ಜೊತೆಗಾರರಾಗಿ ಉಳಿದರು.

ಕುಟುಂಬವು ಮಾಂಟ್ರಿಯಲ್ ನಗರಕ್ಕೆ ಬಂದು ನೆಲೆಸಿದ ಮೇಲೆ ಸೋದರರಿಬ್ಬರೂ ಅಲ್ಲಿನ ರಿಂಕ್‌ಗಳಲ್ಲಿ ಆಟ ಕಲಿತರು. ಮುಂದೆ ತಾನೂ ಪ್ರಸಿದ್ಧ ರಕ್ಷಣಾ ಆಟಗಾರನಾಗಿ, ಬಳಿಕ ಬೋಸ್ಟನ್ ಬ್ರೂಯಿನ್ಸ್ ತಂಡದ ತರಬೇತುದಾರನಾಗಿ ಹೆಸರು ಮಾಡಿದ ಆರ್ಟ್ ರಾಸ್ ಅವರ ಬಾಲ್ಯದ ಗೆಳೆಯ. ಲೆಸ್ಟರ್ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಫ್ರಾಂಕ್ ಮಾತ್ರ ಅಲ್ಲಿಯೇ ಓದಿ ಪದವಿ ಪಡೆದರು.

ಆಟಗಾರರಾಗಿ

1903–04ರ ಋತುವಿನಲ್ಲಿ ಲೆಸ್ಟರ್ ಅವರು ಮ್ಯಾನಿಟೋಬಾ ಪ್ರಾಂತ್ಯದ ಬ್ರ್ಯಾಂಡನ್ ತಂಡದ ಪರವಾಗಿ ಆಡಿದರು. ಅಲ್ಲಿ ಕವರ್ ಪಾಯಿಂಟ್ ಸ್ಥಾನದಲ್ಲಿದ್ದ ಅವರು ಪಕ್ ಸಿಕ್ಕಾಗ ಅದನ್ನು ಎತ್ತಿ ಎಸೆಯುವ ರೂಢಿಯನ್ನು ಬಿಟ್ಟು ತಾವೇ ಅದನ್ನು ಕೋಲಿನ ತುದಿಯಲ್ಲಿ ಉಳಿಸಿಕೊಂಡು ಎದುರಾಳಿಯ ಗೋಲಿನತ್ತ ನುಗ್ಗತೊಡಗಿದರು. ತನ್ನ ಜಾಗವನ್ನು ಬಿಟ್ಟು ಹೋದ ರಕ್ಷಣಾ ಆಟಗಾರನ ಹಿಂದೆ ಅಂಗಣ ತೆರವಾಗುತ್ತದೆ ಎಂಬ ಆಕ್ಷೇಪಣೆ ಸಹಜವಾಗಿತ್ತು. ಆದರೆ ಎಸೆದ ಪಕ್ ಬಹುಪಾಲು ಎದುರಾಳಿಗೇ ದೊರೆಯುತ್ತದೆ, ಒಯ್ದ ಪಕ್ ತನ್ನ ತಂಡದಲ್ಲಿಯೇ ಉಳಿಯುತ್ತದೆ ಎಂಬುದು ಅವರ ಆಟದಿಂದ ಸ್ಪಷ್ಟವಾಯಿತು. ರಕ್ಷಣಾ ಆಟಗಾರರಿಬ್ಬರೂ ಹಿಂದೆ ಮುಂದೆ ನಿಲ್ಲುವ ಬದಲು ಅಕ್ಕಪಕ್ಕದಲ್ಲಿ ನಿಲ್ಲುವ ಪದ್ಧತಿ ಬೆಳೆದುದರಲ್ಲಿಯೂ ಅವರ ಪಾತ್ರವಿದೆ ಎಂದು ಹೇಳಲಾಗುತ್ತದೆ. ಬ್ರ್ಯಾಂಡನ್ ತಂಡ 1904ರ ಮಾರ್ಚ್‌ನಲ್ಲಿ ಸ್ಟ್ಯಾನ್ಲಿ ಕಪ್‌ಗಾಗಿ ಬಲಿಷ್ಠ ಒಟ್ಟಾವಾ ತಂಡಕ್ಕೆ ಸವಾಲು ಹಾಕಿ ಸೋತಿತು.

ಮಾಂಟ್ರಿಯಲ್‌ಗೆ ಹಿಂದಿರುಗಿದ ಲೆಸ್ಟರ್, ಮೊದಲು ವೆಸ್ಟ್‌ಮೌಂಟ್ ತಂಡದಲ್ಲಿಯೂ 1905–06ರಲ್ಲಿ ಮಾಂಟ್ರಿಯಲ್ ವಾಂಡರರ್ಸ್ ತಂಡದಲ್ಲಿಯೂ ಆಡಿದರು. 1906ರ ಮಾರ್ಚ್‌ನಲ್ಲಿ ಒಟ್ಟಾವಾ ತಂಡದ ವಿರುದ್ಧ ನಡೆದ ಎರಡು ಪಂದ್ಯಗಳ ಸ್ಪರ್ಧೆ ಅವರಿಗೆ ದೇಶದಾದ್ಯಂತ ಹೆಸರು ತಂದಿತು. ಎರಡೂ ಪಂದ್ಯಗಳ ಒಟ್ಟು ಗೋಲುಗಳ ಲೆಕ್ಕದಲ್ಲಿ ವಿಜೇತರ ನಿರ್ಣಯವಾಗಬೇಕಿತ್ತು. ಮೊದಲ ಪಂದ್ಯದಲ್ಲಿ ವಾಂಡರರ್ಸ್ 9–1ರಿಂದ ಗೆದ್ದಿತು. ಎರಡನೆಯ ಪಂದ್ಯದಲ್ಲಿ ಒಟ್ಟಾವಾ ಒಂದರ ಮೇಲೊಂದು ಗೋಲು ಬಾರಿಸಿ ಒಟ್ಟು ಲೆಕ್ಕವನ್ನು 10–10ಕ್ಕೆ ತಂದು ನಿಲ್ಲಿಸಿತು. ಕಪ್ ಕೈತಪ್ಪಿತೆಂಬ ಹಂತದಲ್ಲಿ, ಕೊನೆಯ ನಿಮಿಷಗಳಲ್ಲಿ ಲೆಸ್ಟರ್ ಎರಡು ಗೋಲುಗಳನ್ನು ಹೊಡೆದರು. ವಾಂಡರರ್ಸ್ 12–10ರಿಂದ ಕಪ್ ಗೆದ್ದಿತು. 1907ರ ಜನವರಿಯಲ್ಲಿ ಕೆನೋರಾ ಎಂಬ ಸಣ್ಣ ಪಟ್ಟಣದ ತಂಡಕ್ಕೆ ಕಪ್ ಒಪ್ಪಿಸಬೇಕಾಯಿತಾದರೂ ಅದೇ ವರ್ಷದ ಮಾರ್ಚ್‌ನಲ್ಲಿ ವಾಂಡರರ್ಸ್ ಅದನ್ನು ಮರಳಿ ಪಡೆಯಿತು.

ನೆಲ್ಸನ್ ಮತ್ತು ರೆನ್‌ಫ್ರೂ

1907ರಲ್ಲಿ ಜೋಸೆಫ್ ಪ್ಯಾಟ್ರಿಕ್ ಅವರು ತಮ್ಮ ಮರದ ಉದ್ಯಮವನ್ನು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನೆಲ್ಸನ್ ಎಂಬ ಪಟ್ಟಣಕ್ಕೆ ವಿಸ್ತರಿಸಿದರು. ಲೆಸ್ಟರ್ ತಂದೆಗೆ ನೆರವಾಗಲು ಅಲ್ಲಿಗೆ ಹೋದರು. ಬೆಳ್ಳಿಯ ಗಣಿಗಳಿಂದ ಹುಟ್ಟಿಕೊಂಡ ಊರು ನೆಲ್ಸನ್. ಕೋಲಾರದ ಚಿನ್ನದ ಗಣಿಗಳ ಸುತ್ತ ಬೆಳೆದ ಊರಿನಲ್ಲಿ ಕ್ಲಬ್‌ಗಳೂ ಆಟದ ಮೈದಾನಗಳೂ ತಲೆಯೆತ್ತಿದಂತೆ, ಕೆನಡಾದ ಗಣಿ ಪಟ್ಟಣಗಳಲ್ಲಿಯೂ ಹಾಕಿ ತಂಡಗಳು ಊರಿನ ಪ್ರತಿಷ್ಠೆಯ ಗುರುತಾಗಿದ್ದವು. ಲೆಸ್ಟರ್ ದುಡಿಮೆಯ ನಡುವೆ ನೆಲ್ಸನ್ ತಂಡಕ್ಕೆ ಆಡಿದರು. 1908ರ ಡಿಸೆಂಬರ್‌ನಲ್ಲಿ ಎಡ್ಮಂಟನ್ ತಂಡವು ಸ್ಟ್ಯಾನ್ಲಿ ಕಪ್‌ಗೆ ಸವಾಲು ಹಾಕಿದಾಗ ಹಣ ಪಡೆದು ಅದರ ಪರವಾಗಿಯೂ ಆಡಿದರು.

ಗಣಿಗಳ ಹಣವೇ ಅವರನ್ನು ಮತ್ತೆ ಪೂರ್ವಕ್ಕೆ ಕರೆಸಿತು. ಒಂಟಾರಿಯೋದ ರೆನ್‌ಫ್ರೂ ಎಂಬ ಪುಟ್ಟ ಪಟ್ಟಣದ ತಂಡವನ್ನು ಗಣಿ ಮತ್ತು ರೈಲ್ವೆ ಉದ್ಯಮಿಗಳಾದ ಓಬ್ರಿಯನ್ ಕುಟುಂಬ ಪೋಷಿಸುತ್ತಿತ್ತು. ಸ್ಟ್ಯಾನ್ಲಿ ಕಪ್ ಗೆಲ್ಲಲೇಬೇಕೆಂಬ ಹಂಬಲದಿಂದ 1909–10ರ ಋತುವಿಗೆ ಲೆಸ್ಟರ್ ಅವರಿಗೆ 3,000 ಡಾಲರ್, ಫ್ರಾಂಕ್ ಅವರಿಗೆ 2,000 ಡಾಲರ್ ನೀಡಲಾಯಿತು. ಅತಿವೇಗದ ಆಟಗಾರ ಸೈಕ್ಲೋನ್ ಟೇಲರ್ ಅವರಿಗೆ ದೊರೆತದ್ದು ಇನ್ನೂ ಹೆಚ್ಚು. ಒಂದು ಚಳಿಗಾಲದ ಹನ್ನೆರಡು ಪಂದ್ಯಗಳಿಗೆ ಅದು ಅಂದಿನ ದಿನಗಳಲ್ಲಿ ಅಪಾರ ಮೊತ್ತ. ಇಷ್ಟಾದರೂ ರೆನ್‌ಫ್ರೂ ಕಪ್ ಗೆಲ್ಲಲಿಲ್ಲ. ಆದರೆ ಜನರು ಹಾಕಿಗಾಗಿ ಎಷ್ಟು ಹಣ ತೆರಲು ಸಿದ್ಧರಿದ್ದಾರೆ ಎಂಬುದನ್ನು ಸೋದರರಿಬ್ಬರೂ ಅಲ್ಲಿ ಕಂಡುಕೊಂಡರು. ಆಟಗಾರರ ಸಂಬಳವನ್ನು ಯಾರೋ ಒಬ್ಬ ಶ್ರೀಮಂತನ ಉತ್ಸಾಹ ನಿರ್ಧರಿಸುವ ವ್ಯವಸ್ಥೆ ಬಹುಕಾಲ ನಡೆಯಲಾರದೆಂಬುದನ್ನೂ ಕಂಡರು.

ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಷನ್

1911ರ ಆರಂಭದಲ್ಲಿ ಜೋಸೆಫ್ ಪ್ಯಾಟ್ರಿಕ್ ತಮ್ಮ ಮರದ ಉದ್ಯಮವನ್ನು ಮಾರಿದರು. ಬಂದ ಹಣವನ್ನು ಕುಟುಂಬವು ಪಶ್ಚಿಮ ಕರಾವಳಿಯಲ್ಲಿ ವೃತ್ತಿಪರ ಹಾಕಿ ಲೀಗ್ ಕಟ್ಟಲು ತೊಡಗಿಸಿತು. ಇದು ದೊಡ್ಡ ಸಾಹಸವೇ ಆಗಿತ್ತು. ಪೂರ್ವ ಕೆನಡಾದಲ್ಲಿ ಚಳಿಗಾಲ ಬಂದರೆ ನೀರು ತಾನಾಗಿಯೇ ಹೆಪ್ಪುಗಟ್ಟುತ್ತದೆ. ಆದರೆ ವಿಕ್ಟೋರಿಯಾ, ವ್ಯಾಂಕೂವರ್ ನಗರಗಳ ಹವೆ ಸೌಮ್ಯವಾದುದು, ಮಳೆ ಸುರಿಯುತ್ತದೆಯೇ ಹೊರತು ಆಡಲು ಸಾಕಾಗುವಷ್ಟು ಮಂಜುಗಡ್ಡೆ ನಿಲ್ಲುವುದಿಲ್ಲ. ಹೀಗಾಗಿ ಅಲ್ಲಿ ಹಾಕಿ ಬೇಕೆಂದರೆ ಮೊದಲು ಮಂಜನ್ನೇ ತಯಾರಿಸಬೇಕಿತ್ತು.

ಅಮೋನಿಯಾ ಅನಿಲದ ಯಂತ್ರಗಳಿಂದ ಉಪ್ಪುನೀರನ್ನು ತಣಿಸಿ, ನೆಲದಡಿಯ ಕೊಳವೆಗಳಲ್ಲಿ ಹರಿಸಿ, ಮೇಲೆ ಹಾಕಿದ ನೀರನ್ನು ಹೆಪ್ಪುಗಟ್ಟಿಸುವ ತಂತ್ರ ಅಮೆರಿಕದ ಕೆಲವು ನಗರಗಳಲ್ಲಿ ಆಗಲೇ ಬಳಕೆಯಲ್ಲಿತ್ತು. ಪ್ಯಾಟ್ರಿಕ್ ಕುಟುಂಬವು ಅದನ್ನು ಕೆನಡಾಕ್ಕೆ ತಂದಿತು. ವಿಕ್ಟೋರಿಯಾದಲ್ಲಿ ಸುಮಾರು 4,000 ಜನರು ಕೂರಬಹುದಾದ, ವ್ಯಾಂಕೂವರ್‌ನಲ್ಲಿ 10,000ಕ್ಕೂ ಹೆಚ್ಚು ಜನರು ಕೂರಬಹುದಾದ ರಿಂಕ್‌ಗಳು ಎದ್ದು ನಿಂತವು. ಕೆನಡಾದಲ್ಲಿ ಕೃತಕ ಮಂಜಿನ ಮೊದಲ ರಿಂಕ್‌ಗಳು ಇವೇ. ಲೆಸ್ಟರ್ ವಿಕ್ಟೋರಿಯಾ ತಂಡವನ್ನೂ ಫ್ರಾಂಕ್ ವ್ಯಾಂಕೂವರ್ ತಂಡವನ್ನೂ ವಹಿಸಿಕೊಂಡರು. ನ್ಯೂ ವೆಸ್ಟ್‌ಮಿನ್‌ಸ್ಟರ್ ಮೂರನೆಯ ತಂಡ. 1912ರ ಜನವರಿ 2ರಂದು ವಿಕ್ಟೋರಿಯಾದಲ್ಲಿ ಲೀಗ್‌ನ ಮೊದಲ ಪಂದ್ಯ ನಡೆಯಿತು. 1911ರಲ್ಲಿ ಲೆಸ್ಟರ್ ಅವರು ಗ್ರೇಸ್ ಲಿನ್ ಅವರನ್ನು ವಿವಾಹವಾಗಿದ್ದರು. ಅವರ ಮಕ್ಕಳಾದ ಲಿನ್ (1912) ಮತ್ತು ಮಝ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಮರ್ರೆ (1915) ವಿಕ್ಟೋರಿಯಾದಲ್ಲಿಯೇ ಜನಿಸಿದರು.

ಲೀಗ್, ರಿಂಕ್ ಮತ್ತು ತಂಡಗಳು ಒಂದೇ ಕುಟುಂಬದ ಕೈಯಲ್ಲಿದ್ದವು. ಲೆಸ್ಟರ್ ಏಕಕಾಲಕ್ಕೆ ಮಾಲೀಕ, ವ್ಯವಸ್ಥಾಪಕ, ತರಬೇತುದಾರ ಮತ್ತು ಆಟಗಾರರಾಗಿದ್ದರು. ಆಟಗಾರರು ಯಾವ ತಂಡಕ್ಕೆ ಆಡಬೇಕೆಂಬುದನ್ನೂ ಬಹುಮಟ್ಟಿಗೆ ಸೋದರರೇ ನಿರ್ಧರಿಸುತ್ತಿದ್ದರು. ಹೆಚ್ಚಿನ ಸಂಬಳ ಕೊಟ್ಟು ಪೂರ್ವದ ತಂಡಗಳಿಂದ ಆಟಗಾರರನ್ನು ಸೆಳೆದುದರಿಂದ ಅಲ್ಲಿನ ಮಾಲೀಕರ ವಿರೋಧವನ್ನೂ ಕಟ್ಟಿಕೊಂಡರು. ಇಷ್ಟೊಂದು ಅಧಿಕಾರ ಒಂದೆಡೆ ಸೇರಿದ್ದು ಟೀಕೆಗೆ ಎಡೆಯಾದರೂ, ಹೊಸ ನಿಯಮವೊಂದು ಹೊಳೆದರೆ ಮುಂದಿನ ಋತುವಿನಲ್ಲಿಯೇ ಅದನ್ನು ಪ್ರಯೋಗಿಸಿ ನೋಡುವ ಅವಕಾಶವನ್ನು ಅದು ಒದಗಿಸಿತು.

ನಿಯಮಗಳ ಸುಧಾರಣೆ

ಸೋದರರು ತಂದ ಬದಲಾವಣೆಗಳಲ್ಲಿ ಅತ್ಯಂತ ಮುಖ್ಯವಾದವು ನೀಲಿ ಗೆರೆಗಳು. ಅಂಗಣವನ್ನು ಅಡ್ಡಲಾಗಿ ಮೂರು ಭಾಗ ಮಾಡುವ ಎರಡು ಗೆರೆಗಳನ್ನು ಎಳೆದು, ನಡುಭಾಗದಲ್ಲಿ ಪಕ್ ಅನ್ನು ಮುಂದಕ್ಕೆ ದಾಟಿಸಲು ಅನುಮತಿ ನೀಡಿದರು. 1913–14ರ ಋತುವಿನಲ್ಲಿ ಇದು ಜಾರಿಗೆ ಬಂದಿತು. ಅದುವರೆಗೆ ಮುಂದೆ ದಾಟಿಸಿದ ಪ್ರತಿ ಸಲವೂ ಆಟ ನಿಲ್ಲುತ್ತಿತ್ತು. ಈಗ ಆಟ ಹರಿಯತೊಡಗಿತು.

ಇದಲ್ಲದೆ ಗೋಲ್‌ಕೀಪರ್ ಮಂಜಿನ ಮೇಲೆ ಬಿದ್ದು ಪಕ್ ತಡೆಯಲು ಅವಕಾಶ, ಗೋಲು ಹೊಡೆದವನ ಜೊತೆಗೆ ಪಕ್ ದಾಟಿಸಿದವನಿಗೂ ದಾಖಲೆಯಲ್ಲಿ ಅಂಕ, ಗೋಲಾಗುವ ಅವಕಾಶವನ್ನು ಅಕ್ರಮವಾಗಿ ಕೆಡಿಸಿದರೆ ಪೆನಾಲ್ಟಿ ಹೊಡೆತ, ಋತುವಿನ ಕೊನೆಯಲ್ಲಿ ಅಗ್ರ ತಂಡಗಳ ನಡುವೆ ನಿರ್ಣಾಯಕ ಪಂದ್ಯಗಳು ಮುಂತಾದವು ಈ ಲೀಗ್‌ನಲ್ಲಿ ಬಳಕೆಗೆ ಬಂದವು. ಪ್ರೇಕ್ಷಕರು ಆಟಗಾರರನ್ನು ಗುರುತಿಸಲು ನೆರವಾಗುವಂತೆ ಅಂಗಿಗಳ ಮೇಲೆ ಸಂಖ್ಯೆಗಳನ್ನೂ ಬಳಸಿದರು. ಇಂದಿನ ನಿಯಮಾವಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಯಮಗಳ ಮೂಲ ಪ್ಯಾಟ್ರಿಕ್ ಸೋದರರಲ್ಲಿದೆ ಎಂದು ಹಾಕಿ ಇತಿಹಾಸಕಾರರು ಎಣಿಸುತ್ತಾರೆ. ಇವುಗಳಲ್ಲಿ ಎಷ್ಟು ಫ್ರಾಂಕ್ ಅವರವು, ಎಷ್ಟು ಲೆಸ್ಟರ್ ಅವರವು ಎಂದು ವಿಂಗಡಿಸುವುದು ಕಷ್ಟ. ಸಾಮಾನ್ಯವಾಗಿ ಫ್ರಾಂಕ್ ಅವರನ್ನು ಹೊಸ ಕಲ್ಪನೆಗಳ ವ್ಯಕ್ತಿಯೆಂದೂ ಲೆಸ್ಟರ್ ಅವರನ್ನು ಅವುಗಳನ್ನು ಅಂಗಣದಲ್ಲಿ ಪರೀಕ್ಷಿಸಿ ನೆಲೆಗೊಳಿಸಿದ ವ್ಯಕ್ತಿಯೆಂದೂ ವರ್ಣಿಸಲಾಗುತ್ತದೆ. ಎಲ್ಲ ವಿಷಯದಲ್ಲಿಯೂ ಅವರು ಮುಂದಾಗಿದ್ದರೆಂದು ಹೇಳಲಾಗದು. ಏಳನೆಯ ಆಟಗಾರನಾದ ರೋವರ್‌ನನ್ನು ಪೂರ್ವದ ಲೀಗ್‌ಗಳು ಕೈಬಿಟ್ಟ ಹತ್ತು ವರ್ಷಗಳ ನಂತರವೂ, ಎಂದರೆ 1922ರವರೆಗೂ, ಪಶ್ಚಿಮದ ಲೀಗ್ ಉಳಿಸಿಕೊಂಡಿತ್ತು.

ವಿಕ್ಟೋರಿಯಾ ಮತ್ತು 1925ರ ಕಪ್

ಲೆಸ್ಟರ್ ಅವರ ವಿಕ್ಟೋರಿಯಾ ತಂಡ 1913 ಮತ್ತು 1914ರಲ್ಲಿ ಪಶ್ಚಿಮದ ಲೀಗ್ ಗೆದ್ದಿತು. 1914ರಲ್ಲಿ ಟೊರಾಂಟೊಗೆ ಹೋಗಿ ಅಲ್ಲಿನ ತಂಡದ ವಿರುದ್ಧ ಮೂರು ಪಂದ್ಯಗಳಲ್ಲಿಯೂ ಸೋತಿತು. ಮರುವರ್ಷ ಫ್ರಾಂಕ್ ಅವರ ವ್ಯಾಂಕೂವರ್ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಕರಾವಳಿಯ ಹಾಕಿಗೆ ಮನ್ನಣೆ ದೊರೆಯಿತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1916ರಲ್ಲಿ, ಸೇನೆಯು ವಿಕ್ಟೋರಿಯಾದ ರಿಂಕ್ ಅನ್ನು ವಶಪಡಿಸಿಕೊಂಡಿತು. ಲೆಸ್ಟರ್ ತಮ್ಮ ತಂಡವನ್ನು ಅಮೆರಿಕದ ಸ್ಪೋಕೇನ್ ನಗರಕ್ಕೆ ಕೊಂಡೊಯ್ದರು. ಅಲ್ಲಿ ತಂಡ ನೆಲೆಯೂರಲಿಲ್ಲ. ಒಂದು ಋತುವನ್ನು ಸಿಯಾಟಲ್ ತಂಡದೊಡನೆ ಕಳೆದು, ಯುದ್ಧ ಮುಗಿಯುವ ಹೊತ್ತಿಗೆ ಅವರು ವಿಕ್ಟೋರಿಯಾಕ್ಕೆ ಮರಳಿದರು.

1924ರಲ್ಲಿ ಸಿಯಾಟಲ್ ತಂಡ ಮುಚ್ಚಿದ್ದರಿಂದ ಕರಾವಳಿಯ ಲೀಗ್ ಕೂಡ ಕೊನೆಗೊಂಡಿತು. ಉಳಿದ ವ್ಯಾಂಕೂವರ್ ಮತ್ತು ವಿಕ್ಟೋರಿಯಾ ತಂಡಗಳು ವೆಸ್ಟರ್ನ್ ಕೆನಡಾ ಹಾಕಿ ಲೀಗ್ ಸೇರಿದವು. ಸಿಯಾಟಲ್‌ನಿಂದ ಬಂದ ಫ್ರಾಂಕ್ ಫಾಯ್‌ಸ್ಟನ್, ಜಾಕ್ ವಾಕರ್, ಗೋಲ್‌ಕೀಪರ್ ಹ್ಯಾಪ್ ಹೋಮ್ಸ್ ಅವರ ಜೊತೆಗೆ ಫ್ರಾಂಕ್ ಫ್ರೆಡ್ರಿಕ್‌ಸನ್ ಸೇರಿ ವಿಕ್ಟೋರಿಯಾ ಕೂಗರ್ಸ್ ಬಲಿಷ್ಠ ತಂಡವಾಯಿತು. 1925ರ ಮಾರ್ಚ್‌ನಲ್ಲಿ ಹೋವೀ ಮೊರೆಂಜ್, ಜಾರ್ಜ್ ವೆಜಿನಾ ಅವರಂಥ ಆಟಗಾರರಿದ್ದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಕಪ್‌ಗಾಗಿ ಪಶ್ಚಿಮಕ್ಕೆ ಬಂದಿತು. ಅಂದು ಮುಖ್ಯ ಆಟಗಾರರು ಬಹುಪಾಲು ಪಂದ್ಯದುದ್ದಕ್ಕೂ ಅಂಗಣದಲ್ಲಿಯೇ ಇರುವುದು ರೂಢಿ. ಲೆಸ್ಟರ್ ಮಾತ್ರ ಬದಲಿ ಆಟಗಾರರನ್ನು ಆಗಾಗ ಇಳಿಸಿ ದಣಿಯದ ಕಾಲುಗಳನ್ನು ಎದುರಾಳಿಯ ಮುಂದೆ ನಿಲ್ಲಿಸಿದರು. ವಿಕ್ಟೋರಿಯಾ ಮೂರು ಪಂದ್ಯಗಳನ್ನು ಗೆದ್ದು ಒಂದನ್ನು ಮಾತ್ರ ಸೋತಿತು. ನ್ಯಾಷನಲ್ ಹಾಕಿ ಲೀಗ್‌ಗೆ ಸೇರದ ತಂಡವೊಂದು ಸ್ಟ್ಯಾನ್ಲಿ ಕಪ್ ಗೆದ್ದದ್ದು ಅದೇ ಕೊನೆ.

ಮರುವರ್ಷವೂ ವಿಕ್ಟೋರಿಯಾ ಅಂತಿಮ ಸ್ಪರ್ಧೆ ತಲುಪಿ ಮಾಂಟ್ರಿಯಲ್ ಮರೂನ್ಸ್ ತಂಡಕ್ಕೆ ಸೋತಿತು. ಆಟಗಾರರ ಕೊರತೆಯಿಂದ ಆ ಋತುವಿನಲ್ಲಿ 42ರ ವಯಸ್ಸಿನ ಲೆಸ್ಟರ್ ಅವರೇ ರಕ್ಷಣಾ ಸ್ಥಾನಕ್ಕೆ ಮರಳಿದ್ದರು. ಅಷ್ಟರಲ್ಲಿ ನ್ಯಾಷನಲ್ ಹಾಕಿ ಲೀಗ್ ಅಮೆರಿಕದ ಬೋಸ್ಟನ್, ನ್ಯೂಯಾರ್ಕ್‌ನಂಥ ಮಹಾನಗರಗಳಿಗೆ ಹರಡಿತ್ತು. ಅಲ್ಲಿನ ಸಂಬಳದೊಡನೆ ಪಶ್ಚಿಮದ ಸಣ್ಣ ನಗರಗಳು ಪೈಪೋಟಿ ನಡೆಸುವುದು ಸಾಧ್ಯವಿರಲಿಲ್ಲ. 1926ರಲ್ಲಿ ಪ್ಯಾಟ್ರಿಕ್ ಸೋದರರು ಪಶ್ಚಿಮದ ಆಟಗಾರರ ಒಪ್ಪಂದಗಳನ್ನು ಒಟ್ಟಾಗಿ ಪೂರ್ವದ ಮಾಲೀಕರಿಗೆ ಮಾರಿದರು. ವಿಕ್ಟೋರಿಯಾದ ಆಟಗಾರರು ಡೆಟ್ರಾಯಿಟ್‌ಗೆ ಹೋದರು. ಮುಂದೆ ರೆಡ್ ವಿಂಗ್ಸ್ ಎಂದು ಹೆಸರಾದ ತಂಡ ಅವರಿಂದಲೇ ಆರಂಭವಾಯಿತು. ಹದಿನೈದು ವರ್ಷ ಕಟ್ಟಿ ಬೆಳೆಸಿದ ಲೀಗ್ ಹೀಗೆ ಮುಗಿಯಿತು. ಅದರ ನಿಯಮಗಳು ಮಾತ್ರ ಅದನ್ನು ಕೊಂಡವರ ಆಟದಲ್ಲಿ ಉಳಿದುಕೊಂಡವು.

ನ್ಯೂಯಾರ್ಕ್ ರೇಂಜರ್ಸ್

1926ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಂಸ್ಥೆಯು ರೇಂಜರ್ಸ್ ಎಂಬ ಹೊಸ ತಂಡವನ್ನು ಆರಂಭಿಸಿತು. ಆಟಗಾರರನ್ನು ಕಲೆಹಾಕಿದವರು ಕಾನ್ ಸ್ಮೈತ್. ಋತು ಆರಂಭವಾಗುವ ಮೊದಲೇ ಅವರನ್ನು ತೆಗೆದು ಆ ಸ್ಥಾನಕ್ಕೆ ಲೆಸ್ಟರ್ ಅವರನ್ನು ಕರೆಸಲಾಯಿತು. ಬಿಲ್ ಕುಕ್, ಬನ್ ಕುಕ್ ಸೋದರರು, ಅವರ ನಡುವೆ ಫ್ರಾಂಕ್ ಬೌಚರ್, ರಕ್ಷಣೆಯಲ್ಲಿ ಚಿಂಗ್ ಜಾನ್ಸನ್ ಮತ್ತು ಟ್ಯಾಫಿ ಏಬಲ್ ಈ ತಂಡದ ಆಧಾರವಾಗಿದ್ದರು. ಕುಕ್ ಸೋದರರು ಮತ್ತು ಬೌಚರ್ ಪಶ್ಚಿಮದ ಲೀಗ್‌ನಲ್ಲಿ ಪಳಗಿದವರು. ಪಕ್ ಅನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಸಾಗುವ ಅವರ ಆಟದಲ್ಲಿ ಕರಾವಳಿಯ ಪದ್ಧತಿ ಎದ್ದು ಕಾಣುತ್ತಿತ್ತು. ಮೊದಲ ಋತುವಿನಲ್ಲಿಯೇ ರೇಂಜರ್ಸ್ ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು. ನ್ಯೂಯಾರ್ಕ್ ಜನರಿಗೆ ಹಾಕಿ ಇನ್ನೂ ಹೊಸತಾಗಿದ್ದುದರಿಂದ ಪತ್ರಕರ್ತರಿಗೆ ಆಟವನ್ನು ವಿವರಿಸಿ ಹೇಳುವ ಹೊಣೆಯನ್ನೂ ಲೆಸ್ಟರ್ ಹೊತ್ತರು.

1928ರ ಏಪ್ರಿಲ್ 7ರ ಪಂದ್ಯ

ಎರಡನೆಯ ಋತುವಿನಲ್ಲಿ ರೇಂಜರ್ಸ್ ಸ್ಟ್ಯಾನ್ಲಿ ಕಪ್ ಅಂತಿಮ ಸ್ಪರ್ಧೆಯಲ್ಲಿ ಮಾಂಟ್ರಿಯಲ್ ಮರೂನ್ಸ್ ತಂಡವನ್ನು ಎದುರಿಸಿತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸರ್ಕಸ್ ನಡೆಯುತ್ತಿದ್ದುದರಿಂದ ಎಲ್ಲ ಪಂದ್ಯಗಳನ್ನೂ ಎದುರಾಳಿಯ ಊರಾದ ಮಾಂಟ್ರಿಯಲ್‌ನಲ್ಲಿಯೇ ಆಡಬೇಕಾಯಿತು. ಮೊದಲ ಪಂದ್ಯವನ್ನು ರೇಂಜರ್ಸ್ 0–2ರಿಂದ ಸೋತಿತು.

ಏಪ್ರಿಲ್ 7ರಂದು ನಡೆದ ಎರಡನೆಯ ಪಂದ್ಯದ ಎರಡನೆಯ ಅವಧಿಯಲ್ಲಿ ಮರೂನ್ಸ್‌ನ ನೆಲ್ಸ್ ಸ್ಟೀವರ್ಟ್ ಹೊಡೆದ ಪಕ್ ರೇಂಜರ್ಸ್ ಗೋಲ್‌ಕೀಪರ್ ಲಾರ್ನ್ ಶಾಬೋ ಅವರ ಕಣ್ಣಿಗೆ ಬಡಿಯಿತು. ಗೋಲ್‌ಕೀಪರ್‌ಗಳು ಆಗ ಮುಖವಾಡ ಧರಿಸುತ್ತಿರಲಿಲ್ಲ. ಶಾಬೋ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ತಂಡಗಳು ಎರಡನೆಯ ಗೋಲ್‌ಕೀಪರ್‌ನನ್ನು ಜೊತೆಗೊಯ್ಯುವ ಪದ್ಧತಿಯೂ ಇರಲಿಲ್ಲ. ಒಟ್ಟಾವಾ ತಂಡದ ಗೋಲ್‌ಕೀಪರ್ ಅಲೆಕ್ ಕಾನೆಲ್ ಪ್ರೇಕ್ಷಕರ ನಡುವೆ ಇದ್ದರು. ಬೇರೆ ತಂಡದವರನ್ನು ಬಳಸಲು ಎದುರಾಳಿಯ ಒಪ್ಪಿಗೆ ಬೇಕಾಗಿತ್ತು. ಮರೂನ್ಸ್ ತರಬೇತುದಾರ ಎಡ್ಡಿ ಜೆರಾರ್ಡ್ ಒಪ್ಪಿಗೆ ನೀಡಲಿಲ್ಲ. ನಿಯಮದ ದೃಷ್ಟಿಯಿಂದ ಅದು ಅವರ ಹಕ್ಕಾಗಿತ್ತು.

ಆಗ 44 ವರ್ಷದ ಲೆಸ್ಟರ್ ಅವರು ಗೋಲ್‌ಕೀಪರ್‌ನ ಕವಚಗಳನ್ನು ಕಟ್ಟಿಕೊಂಡು ತಾವೇ ಗೋಲಿನ ಮುಂದೆ ನಿಂತರು. ವೃತ್ತಿಜೀವನದುದ್ದಕ್ಕೂ ರಕ್ಷಣಾ ಆಟಗಾರರಾಗಿದ್ದ ಅವರಿಗೆ ಆ ಸ್ಥಾನ ಅಭ್ಯಾಸದ್ದಲ್ಲ. ರೇಂಜರ್ಸ್ ಆಟಗಾರರು ಎದುರಾಳಿಗಳನ್ನು ಗೋಲಿನ ಸಮೀಪಕ್ಕೆ ಬಿಡದೆ ದೂರದಲ್ಲಿಯೇ ತಡೆಯುತ್ತಾ ತಮ್ಮ ತರಬೇತುದಾರರನ್ನು ಕಾಯ್ದರು. ಮೂರನೆಯ ಅವಧಿಯ ಆರಂಭದಲ್ಲಿ ಬಿಲ್ ಕುಕ್ ಗೋಲು ಹೊಡೆದು ಮುನ್ನಡೆ ತಂದರು. ಆಟ ಮುಗಿಯುವ ಮುನ್ನ ನೆಲ್ಸ್ ಸ್ಟೀವರ್ಟ್ ಅದನ್ನು ಸಮಗೊಳಿಸಿದರು. ಲೆಸ್ಟರ್ ಬಿಟ್ಟುಕೊಟ್ಟದ್ದು ಅದೊಂದೇ ಗೋಲು. ಹೆಚ್ಚುವರಿ ಅವಧಿಯಲ್ಲಿ ಫ್ರಾಂಕ್ ಬೌಚರ್ ಗೋಲು ಹೊಡೆದು ರೇಂಜರ್ಸ್‌ಗೆ 2–1ರ ಜಯ ತಂದುಕೊಟ್ಟರು. ಮುಂದಿನ ಪಂದ್ಯಗಳಿಗೆ ಜೋ ಮಿಲ್ಲರ್ ಎಂಬ ಗೋಲ್‌ಕೀಪರ್‌ನನ್ನು ಬಳಸಲು ಅನುಮತಿ ದೊರೆಯಿತು. ಏಪ್ರಿಲ್ 14ರಂದು ಐದನೆಯ ಪಂದ್ಯವನ್ನು ಗೆದ್ದು ರೇಂಜರ್ಸ್ ತನ್ನ ಮೊದಲ ಸ್ಟ್ಯಾನ್ಲಿ ಕಪ್ ಪಡೆಯಿತು. ಕಪ್ ಅಂತಿಮ ಸ್ಪರ್ಧೆಯಲ್ಲಿ ಆಡಿದ ಅತ್ಯಂತ ಹಿರಿಯ ವಯಸ್ಸಿನ ಆಟಗಾರರೆಂಬ ದಾಖಲೆ ಅಂದು ಲೆಸ್ಟರ್ ಅವರ ಹೆಸರಿಗೆ ಸೇರಿತು.

ತರಬೇತುದಾರ ಮತ್ತು ವ್ಯವಸ್ಥಾಪಕರಾಗಿ

1933ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡವನ್ನು ಸೋಲಿಸಿ ರೇಂಜರ್ಸ್ ಎರಡನೆಯ ಬಾರಿ ಕಪ್ ಗೆದ್ದಿತು. ಟೊರಾಂಟೊ ತಂಡವನ್ನು ಆಗ ನಡೆಸುತ್ತಿದ್ದವರು ಹಿಂದೆ ರೇಂಜರ್ಸ್‌ನಿಂದ ಹೊರಬಿದ್ದಿದ್ದ ಕಾನ್ ಸ್ಮೈತ್. 1929, 1932 ಮತ್ತು 1937ರಲ್ಲಿ ಲೆಸ್ಟರ್ ಅವರ ತಂಡ ಅಂತಿಮ ಸ್ಪರ್ಧೆಯಲ್ಲಿ ಸೋತಿತು. ಪ್ರತಿ ಋತುವಿನ ಶ್ರೇಷ್ಠ ಆಟಗಾರರನ್ನೂ ತರಬೇತುದಾರನನ್ನೂ ಹೆಸರಿಸುವ ಆಲ್ ಸ್ಟಾರ್ ಪಟ್ಟಿ 1931ರಲ್ಲಿ ಆರಂಭವಾದಾಗಿನಿಂದ ಎಂಟು ವರ್ಷಗಳಲ್ಲಿ ಏಳು ಬಾರಿ ಪ್ರಥಮ ತಂಡದ ತರಬೇತುದಾರರಾಗಿ ಅವರು ಆಯ್ಕೆಯಾದರು.

ಪ್ರಸಿದ್ಧ ಆಟಗಾರರನ್ನು ಹಣ ತೆತ್ತು ತರುವುದಕ್ಕಿಂತ ಎಳೆಯರನ್ನು ಬೆಳೆಸುವುದೇ ಲೇಸೆಂಬುದು ಅವರ ನಿಲುವಾಗಿತ್ತು. ಅದಕ್ಕಾಗಿ ಕೆಳಹಂತದ ತಂಡಗಳನ್ನು ಪೋಷಿಸಿ, ಯುವಕರಿಗೆ ಶಿಬಿರಗಳನ್ನು ನಡೆಸಿದರು. ಈ ಹಾದಿಯಲ್ಲಿ ಬಂದವರಲ್ಲಿ ಅವರ ಮಕ್ಕಳಾದ ಲಿನ್ ಮತ್ತು ಮಝ್ ಕೂಡ ಇದ್ದರು. 1939ರಲ್ಲಿ ಅವರು ತರಬೇತುದಾರರ ಸ್ಥಾನವನ್ನು ಫ್ರಾಂಕ್ ಬೌಚರ್ ಅವರಿಗೆ ಬಿಟ್ಟುಕೊಟ್ಟು ವ್ಯವಸ್ಥಾಪಕರಾಗಿ ಮುಂದುವರಿದರು. 1940ರಲ್ಲಿ ರೇಂಜರ್ಸ್ ಮತ್ತೆ ಟೊರಾಂಟೊವನ್ನು ಸೋಲಿಸಿ ಕಪ್ ಗೆದ್ದಾಗ ಇಬ್ಬರು ಮಕ್ಕಳೂ ಆ ತಂಡದಲ್ಲಿದ್ದರು. ಮುಂಪಂಕ್ತಿಯಲ್ಲಿ ಲಿನ್, ತಂದೆಯಂತೆ ರಕ್ಷಣಾ ಸ್ಥಾನದಲ್ಲಿ ಮಝ್.

ಎರಡನೆಯ ಮಹಾಯುದ್ಧವು ಈ ತಂಡವನ್ನು ಚದುರಿಸಿತು. ಅನೇಕ ಆಟಗಾರರು ಸೇನೆಗೆ ಸೇರಿದರು. ರೇಂಜರ್ಸ್ ಲೀಗ್‌ನ ಕೆಳಸ್ಥಾನಕ್ಕೆ ಇಳಿಯಿತು. 1946ರಲ್ಲಿ ಲೆಸ್ಟರ್ ವ್ಯವಸ್ಥಾಪಕರ ಹುದ್ದೆಯನ್ನು ತೊರೆದರು. ಅವರು ಕಟ್ಟಿದ 1940ರ ತಂಡದ ನಂತರ ರೇಂಜರ್ಸ್ ಮತ್ತೊಮ್ಮೆ ಕಪ್ ಗೆಲ್ಲಲು 1994ರವರೆಗೆ, ಎಂದರೆ 54 ವರ್ಷ, ಕಾಯಬೇಕಾಯಿತು.

ಕೊನೆಯ ವರ್ಷಗಳು

ನ್ಯೂಯಾರ್ಕ್‌ನಿಂದ ಲೆಸ್ಟರ್ ವಿಕ್ಟೋರಿಯಾಕ್ಕೆ ಹಿಂದಿರುಗಿದರು. ಅವರ ಕುಟುಂಬ ಕಟ್ಟಿದ ರಿಂಕ್ 1929ರಲ್ಲಿಯೇ ಬೆಂಕಿಗೆ ಆಹುತಿಯಾಗಿತ್ತು. ವ್ಯಾಂಕೂವರ್‌ನ ರಿಂಕ್ ಕೂಡ 1936ರಲ್ಲಿ ಸುಟ್ಟುಹೋಗಿತ್ತು. ವಿಕ್ಟೋರಿಯಾದಲ್ಲಿ ಹೊಸ ರಿಂಕ್ ಎದ್ದ ಮೇಲೆ 1949ರಿಂದ ಕೆಲವು ವರ್ಷ ಕೂಗರ್ಸ್ ಎಂಬ ಹಳೆಯ ಹೆಸರಿನ ಹೊಸ ತಂಡವನ್ನು ಅವರು ನಡೆಸಿದರು. 1960ರ ಜೂನ್ 1ರಂದು ವಿಕ್ಟೋರಿಯಾದಲ್ಲಿ ನಿಧನರಾದರು. ನಾಲ್ಕು ವಾರಗಳ ನಂತರ, ಜೂನ್ 29ರಂದು, ಸೋದರ ಫ್ರಾಂಕ್ ವ್ಯಾಂಕೂವರ್‌ನಲ್ಲಿ ತೀರಿಕೊಂಡರು.

ಗೌರವಗಳು ಮತ್ತು ಪರಂಪರೆ

1947ರಲ್ಲಿ ಲೆಸ್ಟರ್ ಪ್ಯಾಟ್ರಿಕ್ ಅವರು ಹಾಕಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಫ್ರಾಂಕ್ ಮತ್ತು ಲಿನ್ ಅವರಿಗೂ ಮುಂದೆ ಅದೇ ಗೌರವ ಸಂದಿತು. ಅಮೆರಿಕದಲ್ಲಿ ಹಾಕಿಯ ಬೆಳವಣಿಗೆಗೆ ಶ್ರಮಿಸಿದವರಿಗೆ ನೀಡುವ ಲೆಸ್ಟರ್ ಪ್ಯಾಟ್ರಿಕ್ ಟ್ರೋಫಿ 1966ರಲ್ಲಿ ಆರಂಭವಾಯಿತು. 1974ರಿಂದ 1993ರವರೆಗೆ ನ್ಯಾಷನಲ್ ಹಾಕಿ ಲೀಗ್‌ನ ಒಂದು ವಿಭಾಗ ಪ್ಯಾಟ್ರಿಕ್ ಹೆಸರಿನಲ್ಲಿತ್ತು.

ಲಿನ್ ಮತ್ತು ಮಝ್ ಇಬ್ಬರೂ ತಂದೆಯಂತೆ ಆಟದ ನಂತರ ತರಬೇತುದಾರರಾದರು. ಲಿನ್ ಅವರ ಮಗ ಕ್ರೇಗ್ ಪ್ಯಾಟ್ರಿಕ್ 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಅಮೆರಿಕ ತಂಡದ ಸಹಾಯಕ ತರಬೇತುದಾರರಾಗಿದ್ದು, ಬಳಿಕ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ವ್ಯವಸ್ಥಾಪಕರಾಗಿ 1991 ಮತ್ತು 1992ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. ಹೀಗೆ ಮೂರು ತಲೆಮಾರು ಕಪ್‌ನ ಚರಿತ್ರೆಯಲ್ಲಿ ಸೇರಿದೆ.

ಲೆಸ್ಟರ್ ಪ್ಯಾಟ್ರಿಕ್ ಹೆಸರು ಹೇಳಿದೊಡನೆ ಬಹುಪಾಲು ಜನರಿಗೆ ನೆನಪಾಗುವುದು 1928ರ ಆ ಒಂದು ರಾತ್ರಿ. ಆದರೆ ಆಟದ ಮೇಲೆ ಅವರ ಪ್ರಭಾವ ಅದಕ್ಕಿಂತ ಆಳವಾದುದು. ರಕ್ಷಣಾ ಆಟಗಾರ ಪಕ್ ಒಯ್ದು ಮುನ್ನುಗ್ಗುವುದು, ನೀಲಿ ಗೆರೆಗಳ ನಡುವೆ ಪಕ್ ಮುಂದಕ್ಕೆ ಸಾಗುವುದು, ದಣಿದವರ ಬದಲು ಹೊಸಬರು ಅಂಗಣಕ್ಕೆ ಇಳಿಯುವುದು ಇವೆಲ್ಲ ಇಂದಿನ ಪ್ರತಿ ಪಂದ್ಯದಲ್ಲಿಯೂ ಕಾಣುವ ಸಾಮಾನ್ಯ ಸಂಗತಿಗಳು. ಅವುಗಳಲ್ಲಿ ಹಲವನ್ನು ಮೊದಲು ಆಡಿ ತೋರಿಸಿದ ತಂಡಗಳು, ಲೀಗ್ ಮತ್ತು ರಿಂಕ್‌ಗಳು ಇಂದು ಉಳಿದಿಲ್ಲ.